ನಿಂತ ಕಾರು, ಖಾಲಿ ಬ್ಯಾಟರಿ



ಇವತ್ತು ಹೋರಾಟದ ಪೋಸ್ಟ್ ಅಲ್ಲ, ಕಾರಿನ ಬ್ಯಾಟರಿ ಬಗ್ಗೆ ಬರೀತಿದ್ದೀನಿ. ನಗಬ್ಯಾಡ್ರಿ, ಪೂರ್ತಿ ಓದ್ರಿ.

ನನ್ನ ಹತ್ರ ಇರೋದು ಸೆಕೆಂಡ್ ಹ್ಯಾಂಡ್ ಆಲ್ಟೊ. ಗುಮಾಸ್ತನ ಪಗಾರದಾಗ ಕಾರ್ ಯಾಕ ಬೇಕಿತ್ತು ಅಂತ ಕೇಳಿದವರು ಬಾಳ ಮಂದಿ. 2010ರಾಗ ಸವಣೂರಿನ ಭಂಗಿ ಸಮಾಜದ ಅಣ್ಣಂದಿರು ಮೈಮೇಲೆ ಮಲ ಸುರಕೊಂಡು ಪ್ರತಿಭಟನೆ ಮಾಡಿದ ಸುದ್ದಿ ಕೇಳಿ ಹಾನಗಲ್ಲಿನಿಂದ ಹೊಂಟಾಗ ಬಸ್ಸಿಗೆ ಕಾದು ಕಾದು ಮುಟ್ಟುವಷ್ಟೊತ್ತಿಗೆ ಎಲ್ಲಾ ಮುಗಿದು ಹೋಗಿತ್ತು. ಅವತ್ತೇ ಅನ್ಕೊಂಡಿದ್ದೆ, ಯಾವತ್ತಾದ್ರೂ ಒಂದು ಗಾಡಿ ಮಾಡಬೇಕು ಅಂತ. ಮಾಡಾಕ ಎಷ್ಟೋ ವರ್ಷ ಹಿಡೀತು, ಆ ಮಾತು ಬ್ಯಾರೆ.

ಆಫೀಸಿಗೆ ನಾನು ನಡಕೊಂಡೇ ಹೋಗ್ತೀನಿ. ಕಾರು ಹೊರಗ ಬೀಳೋದು ರವಿವಾರ ಮಾತ್ರ. ಮುಂದಿನ ನಾಲ್ಕೈದು ದಿನ ನಿಂತ್ರ ಮುಗೀತು, ಕೀಲಿ ತಿರುವಿದ್ರ ಟಿಕ್ ಟಿಕ್ ಅನ್ನೋದು ಬಿಟ್ರ ಮತ್ತೇನಿಲ್ಲ. ಬ್ಯಾಟರಿ ಅಂಗಡ್ಯಾವ್ರು "ಬ್ಯಾಟರಿ ಹೋಗೇತ್ರಿ ಸರ್" ಅಂದ್ರು. ಹೊಸಾದು ಹಾಕಿಸಿದೆ. ಮೂರು ತಿಂಗಳಿಗೆ ಮತ್ತ ಅದೇ ಹಾಡು. ಎರಡು ಬ್ಯಾಟರಿಗೆ ಏಳು ಸಾವಿರಕ್ಕೂ ಹೆಚ್ಚು ಹೋತು.

ಆಮೇಲೆ ಆ ಗುರುವಾರ ಬಂತು. ರಾತ್ರಿ ಹನ್ನೊಂದರ ಸುಮಾರಿಗೆ ಹಿರೇಕೆರೂರು ತಾಲೂಕಿನ ಒಂದು ಹಳ್ಳಿಯಿಂದ ಆಯಿ ಒಬ್ಬರು ಫೋನ್ ಮಾಡಿದ್ರು. ಗುಡಿ ಕಟ್ಟಿ ಮ್ಯಾಲ ಕುಂತ ಅಂತ ಮೊಮ್ಮಗನ್ನ ಹೊಡದಾರ, ಕೈ ಬಾತೈತಿ. ದವಾಖಾನಿಗೆ ಒಯ್ದು ಪೊಲೀಸ್ ಕೇಸ್ ಅಂತ ಬರೆಸಬೇಕು, ಗಾಯದ ದಾಖಲೆ ಆಗಬೇಕು, ಆಮೇಲೆ ಠಾಣೆ. ಇದೆಲ್ಲ ನಮಗ ಬಾಯಿಪಾಠ. ಅಂಗಿ ಹಾಕ್ಕೊಂಡು ಹೋಗಿ ಕೀಲಿ ತಿರುವಿದೆ. ಟಿಕ್ ಅನ್ನೋ ಸಪ್ಪಳನೂ ಬರಲಿಲ್ಲ. ಕೇರಿಯ ಹುಡುಗರು ಎದ್ದು ಬಂದು ರಸ್ತೆ ತುದೀ ತನಕ ನೂಕಿದ್ರು. ಬ್ಯಾಟರಿ ಪೂರ್ತಿ ಸತ್ತಿದ್ರ ಈಗಿನ ಪೆಟ್ರೋಲ್ ಗಾಡಿ ನೂಕಿದ್ರೂ ಚಾಲೂ ಆಗಂಗಿಲ್ಲ, ಇಂಧನದ ಪಂಪು ತಿರುಗಾಕೂ ಕರೆಂಟ್ ಬೇಕು. ಆಗ ಅದು ಗೊತ್ತಿರಲಿಲ್ಲ. ಬಾಡಿಗಿ ಟೆಂಪೊ ಹುಡುಕಿ ಆ ಊರು ಮುಟ್ಟಿದಾಗ ಎರಡು ಗಂಟೆ ಮೀರಿತ್ತು. ಅಷ್ಟರಾಗ ಹಿರೇರು ಕೂಡಿ ಬಿಳಿ ಹಾಳಿ ಮ್ಯಾಲ ರಾಜಿ ಅಂತ ಬರೆದು ಆಯಿಯ ಹೆಬ್ಬೆಟ್ಟು ಒತ್ತಿಸಿಕೊಂಡಿದ್ರು.

"ಇದು ಊರಾಗ ರಾಜಿ ಮಾಡಿ ಮುಗಿಸೋ ಕೇಸಲ್ಲ ಆಯಿ, ಈಗಲೂ ಹೋಗೋಣ" ಅಂದೆ.

"ತಡಾ ಮಾಡಿದಿ ತಮ್ಮಾ. ನಾವು ಇಲ್ಲೇ ಬಾಳೇವು ಮಾಡಬೇಕಲ್ಲ" ಅಂದ್ರು. ಹುಡುಗ ಗ್ವಾಡಿ ಕಡೆ ಮುಖ ಮಾಡಿ ಮಲಗಿದ್ದ, ತಿರುಗಿ ನೋಡಲೇ ಇಲ್ಲ.

ಆ ರವಿವಾರ ಶಿಗ್ಗಾಂವಿಯಿಂದ ನನ್ನ ಅಕ್ಕನ ಮಗನನ್ನ ಕರೆಸಿದೆ. ಐಟಿಐ ಎಲೆಕ್ಟ್ರಿಷಿಯನ್ ಮಾಡ್ಯಾನ. ಬರುವಾಗ ಒಂದು ಮಲ್ಟಿಮೀಟರ್ ತಂದಿದ್ದ. "ಮಾಮಾ, ಬ್ಯಾಟರಿ ಬದಲಿ ಮಾಡೋದು ಆಮೇಲೆ, ಮೊದಲು ಯಾರು ತಿಂತಾರ ನೋಡೋಣ" ಅಂದ.

ಚಾರ್ಜ್ ಮಾಡಿಸಿದ ಬ್ಯಾಟರಿ ಹಚ್ಚಿ ಎಂಜಿನ್ ಚಾಲೂ ಮಾಡಿದ್ರ ಮೀಟರ್ 14 ವೋಲ್ಟ್ ಮ್ಯಾಲ ತೋರಿಸ್ತು. ಅಂದ್ರ ಆಲ್ಟರ್ನೇಟರ್ ಬರೋಬರಿ ಐತಿ, ಓಡುವಾಗ ಚಾರ್ಜ್ ಆಗಾಕತ್ತೈತಿ. ಬಂದ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ನೋಡಿದ್ರ 12.6. ಅದೂ ಸರಿ. ಹಂಗಾದ್ರ ನಿಂತಾಗ ಎಲ್ಲೋ ಸೋರತೈತಿ.

ಕೀಲಿ ತೆಗೆದು, ಬಾಗಿಲು ಹಾಕಿ, ಮೈನಸ್ ಕೇಬಲ್ ಬಿಚ್ಚಿದ. ಮೀಟರನ್ನ 10 ಆಂಪಿಯರ್ ಕಡೆ ಹಚ್ಚಿ ಬ್ಯಾಟರಿಯ ಮೈನಸ್ಸಿಗೂ ಬಿಚ್ಚಿದ ಕೇಬಲ್ಲಿಗೂ ನಡುವೆ ಸೇರಿಸಿದ. ಗಾಡಿಯೊಳಗಿನ ಕರೆಂಟೆಲ್ಲಾ ಈಗ ಮೀಟರ್ ದಾಟೇ ಹೋಗಬೇಕು. ಈ ಹೊತ್ತಿನಾಗ ಅಪ್ಪಿತಪ್ಪಿ ಕೀಲಿ ತಿರುವಬಾರದು. ಸ್ಟಾರ್ಟರ್ ನೂರು ಆಂಪಿಯರಿಗೂ ಹೆಚ್ಚು ಎಳೀತೈತಿ, ಮೀಟರಿನ ಫ್ಯೂಸ್ ಹಾರತೈತಿ. ಗಾಡಿ ನಿದ್ದಿಗೆ ಹೋಗಲಿ ಅಂತ ಅರ್ಧ ತಾಸು ಕಾದು ನೋಡಿದ್ವಿ. 0.28. ನಿಂತ ಗಾಡಿ 0.05ರ ಒಳಗ ಎಳದ್ರ ಚಿಂತಿಲ್ಲ ಅಂದ. ನಾನು ಗುಮಾಸ್ತ, ಲೆಕ್ಕ ಹಾಕಿದೆ: 0.28ನ್ನ 24 ತಾಸಿಗೆ ಗುಣಿಸಿದ್ರ ದಿನಕ್ಕ 6.7 ಆಂಪಿಯರ್-ತಾಸು. ನನ್ನ ಬ್ಯಾಟರಿ 35ರದ್ದು. ಹೊಸಾದಿದ್ರೂ ಐದು ದಿನಕ್ಕ ಖಾಲಿ. ಪದೇ ಪದೇ ಹಂಗ ಖಾಲಿಯಾದ ಬ್ಯಾಟರಿಯ ಕಸುವೂ ಕಮ್ಮಿ ಆಕ್ಕೋತ ಹೋಗತೈತಿ, ಅದು ಮೂರ್ನಾಲ್ಕು ದಿನಕ್ಕೇ ಮಲಗತೈತಿ.

ಫ್ಯೂಸ್ ಒಂದೊಂದೇ ಕಿತ್ತು ನೋಡಿದ. ಅಂಕಿ ಅಲುಗಲಿಲ್ಲ. ಕಡೀಕ ಬ್ಯಾಟರಿಯ ಪ್ಲಸ್ಸಿನಿಂದ ನೇರ ಹಿಂದಕ್ಕ ಹೋಗಿದ್ದ ಕೆಂಪು ವಾಯರಿನ ಫ್ಯೂಸ್ ತೆಗೆದ. ಮೀಟರ್ 0.02ಕ್ಕೆ ಇಳೀತು.

ಆ ವಾಯರ್ ಹಾಕಿದವನು ನಾನೇ.

ಹೆಂಗಂದ್ರ, ಒಂದು ವರ್ಷ ಏಪ್ರಿಲ್ 14ರ ಮೆರವಣಿಗೆಗೆ ಮುಂಗಡ ಇಸಕೊಂಡಿದ್ದ ಮೈಕ್ ಸೆಟ್ಟಿನವರು ಹಿಂದಿನ ರಾತ್ರಿ ಬರಂಗಿಲ್ಲ ಅಂದಿದ್ರು. ಯಾರು ಹೇಳಿ ಬಿಡಿಸಿದ್ರು ಅನ್ನೋದು ಎಲ್ಲರಿಗೂ ಗೊತ್ತಿತ್ತು. ಅದರ ಸಿಟ್ಟಿಗೆ ಮರುವರ್ಷ ಪಟ್ಟಿ ಎತ್ತಿ ನಮ್ಮದೇ ಆಂಪ್ಲಿಫೈಯರ್ ತಗೊಂಡ್ವಿ. 13ರ ರಾತ್ರಿ ಟಾರ್ಚ್ ಹಿಡಕೊಂಡು ಕಾರಿಗೆ ಜೋಡಿಸಿದ್ವಿ. ಆಂಪ್ಲಿಫೈಯರನ್ನ ಎಬ್ಬಿಸೋ ಸಣ್ಣ ವಾಯರನ್ನ ಕೀಲಿ ತಿರುವಿದಾಗ ಮಾತ್ರ ಕರೆಂಟ್ ಬರೋ ಕಡೆ ಕೊಡಬೇಕಿತ್ತು. ಅವಸರದಾಗ ಯಾವಾಗಲೂ ಕರೆಂಟ್ ಇರೋ ವಾಯರಿಗೆ ಸುತ್ತಿದ್ವಿ. ಅವತ್ತಿನಿಂದ ಅದು ಸದ್ದಿಲ್ಲದ ಹಗಲೂ ರಾತ್ರಿ ಎಚ್ಚರ ಇತ್ತು. (ಇದನ್ನ ಸಂಘಟನೆಗೆ ಹೋಲಿಸಿ ಯಾರೂ ಕಾಮೆಂಟ್ ಹಾಕಬ್ಯಾಡ್ರಿ.)

ಅಳಿಯ ಆ ವಾಯರ್ ಬದಲಿ ಮಾಡಿ ನಡುವೆ ಒಂದು ಸ್ವಿಚ್ ಹಾಕಿದ. ಖರ್ಚು ನೂರು ರೂಪಾಯಿ ಒಳಗ. 1942ರಿಂದ 46ರ ತನಕ ವೈಸರಾಯ್ ಕೌನ್ಸಿಲ್ಲಿನಾಗ ಕಾರ್ಮಿಕ ಸದಸ್ಯರಾಗಿದ್ದಾಗ ಬಾಬಾಸಾಹೇಬರು ದೇಶದ ವಿದ್ಯುತ್ ನೀತಿ ನೋಡಿಕೊಂಡವರು ಅಂತ ಎಷ್ಟು ಭಾಷಣದಾಗ ಹೇಳೀನೋ! ಅವರ ಜಯಂತಿಗೇ ನಾನು ಒಂದು ವಾಯರ್ ನೆಟ್ಟಗ ಹಾಕಲಿಲ್ಲ.

ಈಗ ಪ್ರತಿ ಗುರುವಾರ ರಾತ್ರಿ ಮಲಗೋ ಮುಂದ ಒಮ್ಮೆ ಕಾರ್ ಚಾಲೂ ಮಾಡಿ ನೋಡ್ತೀನಿ. ಆ ಆಯಿಗೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ.

ಮೀಟರ್ ನನ್ನ ಹತ್ರಾನೇ ಐತಿ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ನಮ್ಮವರ ಗಾಡಿ ಯಾವುದಾದ್ರೂ ನಿಂತಲ್ಲೇ ಸಾಯ್ತಿದ್ರ ಇನ್‌ಬಾಕ್ಸಿಗೆ ಬರ್ರಿ. ರವಿವಾರ ಬರ್ತೀನಿ.