ಪರದೇಶದ ಬುತ್ತಿ

ದೂರ ಪ್ರಯಾಣಕ್ಕೆ ಹೊರಟವನ ಕೈಯಲ್ಲಿ ಬುತ್ತಿಯಿಲ್ಲದಿದ್ದರೆ ಅದು ಆ ಮನೆಯ ಹೆಂಗಸರಿಗೆ ಕುಂದೆಂದು ಕಳಸ, ಹೊರನಾಡುಗಳ ಕಡೆ ತಿಳಿಯುತ್ತಿದ್ದ ಕಾಲವೊಂದಿತ್ತು. ಬಾಳೆಯೆಲೆಯನ್ನು ಕೆಂಡದ ಮೇಲೆ ಬಾಡಿಸಿ, ಗಟ್ಟಿಮೊಸರು ಕಲಸಿದ ಅನ್ನವನ್ನು ಅದರಲ್ಲಿಟ್ಟು, ನಡುವೆ ಒಂದು ಮಾವಿನ ಮಿಡಿಯನ್ನು ಹುದುಗಿಸಿ, ಬಾಳೆಯ ನಾರಿನಿಂದ ಕಟ್ಟಿಕೊಟ್ಟರೆ ಸಂಜೆಯವರೆಗೂ ಕೆಡುತ್ತಿರಲಿಲ್ಲ. ಘಟ್ಟದ ದಾರಿಯಲ್ಲಿ ಹಳ್ಳ ಕಂಡಲ್ಲಿ ಕುಳಿತು ಬಿಚ್ಚಿದರಾಯಿತು. ಎಲೆಯೇ ಪಾತ್ರೆ, ಎಲೆಯೇ ತಟ್ಟೆ. ಬುತ್ತಿ ತೀರಿದರೆ ದಾರಿಯ ಯಾವ ಮನೆಯ ಜಗಲಿಯನ್ನಾದರೂ ಹತ್ತಬಹುದಾಗಿತ್ತು. ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಂತೂ ಇಂದಿಗೂ ಬಂದ ಯಾತ್ರಿಕರಿಗೆ ಊಟವುಂಟು. ಅದಕ್ಕೆ ಬೆಲೆ ಕೇಳುವ ಪದ್ಧತಿಯಿಲ್ಲ. ಬೇಯಿಸಿದ ಅನ್ನವನ್ನು ಮಾರಬಾರದೆಂಬ ನಂಬಿಕೆ ಹಿರಿಯರಲ್ಲಿ ಎಷ್ಟು ಬಲವಾಗಿತ್ತೆಂದರೆ, ಹೋಟೆಲುಗಳು ಬಂದು ಬಹುಕಾಲವಾದ ಮೇಲೂ ಅವುಗಳ ಮೆಟ್ಟಿಲು ತುಳಿಯದೆಯೇ ಕಾಲವಾದವರುಂಟು. ಈಗ ಚಾರ್ಮಾಡಿ ಘಟ್ಟದ ನೆತ್ತಿಯಲ್ಲಿರುವ ಕೊಟ್ಟಿಗೆಹಾರದಲ್ಲಿ ವಾಹನಗಳಿಂದಿಳಿದ ಜನ ಮಂಜಿನ ನಡುವೆ ನಿಂತು ನೀರುದೋಸೆ ತಿನ್ನುತ್ತಾರೆ. ಅದೂ ಮಾರಿದ ಅನ್ನವೇ. ಆದರೂ ಕಾವಲಿ ಕಣ್ಣೆದುರಿಗೆ ಇರುತ್ತದೆ. ಹಿಟ್ಟಿಗೆ ಏನು ಬಿದ್ದಿದೆಯೆಂದು ಕೇಳಿದರೆ ಹುಯ್ಯುವವರು ನಮ್ಮ ಮಾತಿನಲ್ಲಿಯೇ ಹೇಳುತ್ತಾರೆ.

ಕೇಳಿದರೂ ಹೀಗೆ ತಿಳಿಯದಂತಹ ಒಂದು ಬುತ್ತಿಯನ್ನು ಕಳಸದ ಸಮೀಪದ ತೋಟದ ಯಜಮಾನರೊಬ್ಬರು ಉಣ್ಣಬೇಕಾಗಿ ಬಂದ ಸಂಗತಿಯನ್ನು ಇಲ್ಲಿ ಹೇಳಬೇಕಾಗಿದೆ. ಅವರು ಬಾಲ್ಯದಲ್ಲಿ ಕೆಲವು ವರ್ಷ ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಆಮೇಲೆ ಕಾಫಿ ಅಡಿಕೆಗಳಲ್ಲಿ ಆಯುಷ್ಯ ಕಳೆದವರು. ಮೀನು ಮಾಂಸಗಳನ್ನು ಮುಟ್ಟಿದ ಮನೆತನವಲ್ಲ. ಮಗ ಜಪಾನಿನಲ್ಲಿ ಉದ್ಯೋಗದಲ್ಲಿದ್ದಾನೆ. ಹೂಮಳೆ ಬಿದ್ದು, ಕಾಫಿ ಹೂವಾಗಿ, ತೋಟದಲ್ಲಿ ಕೊಂಚ ಬಿಡುವಾದ ಚೈತ್ರದಲ್ಲಿ ಗಂಡಹೆಂಡಿರಿಬ್ಬರೂ ಅವನಲ್ಲಿಗೆ ಹೋದರು. ಅವಲಕ್ಕಿ, ಚಟ್ನಿಪುಡಿ, ಚಕ್ಕುಲಿ, ಮಿಡಿ ಉಪ್ಪಿನಕಾಯಿ ಎಲ್ಲವೂ ಜೊತೆಯಲ್ಲಿ ಹೋದುವು. ಮಗ ಅವರನ್ನು ನಾರಾ ಪಟ್ಟಣಕ್ಕೆ ಕರೆದುಕೊಂಡು ಹೊರಟ ಮುಂಜಾನೆ ರೈಲಿನ ಗಡಿಬಿಡಿಯಲ್ಲಿ ಆ ತಿಂಡಿಯ ಚೀಲ ಮಾತ್ರ ಅಡಿಗೆಮನೆಯಲ್ಲೇ ಉಳಿಯಿತು.

ನಾರಾಕ್ಕೆ ಹೋದದ್ದು ಅಲ್ಲಿಯ ಮಹಾಬುದ್ಧನ ವಿಗ್ರಹವನ್ನು ನೋಡಲು. ಆ ಕಂಚಿನ ಮೂರ್ತಿಗೆ 752ರಲ್ಲಿ ನೇತ್ರೋನ್ಮೀಲನ ಮಾಡಿದವನು ಬೋಧಿಸೇನನೆಂಬ ಭಾರತೀಯ ಭಿಕ್ಷು ಎಂದು ಮಗ ಹೇಳಿದಾಗ ಯಜಮಾನರಿಗೆ ಬಹಳ ಸಂತೋಷವಾಯಿತು. ಆ ಭಿಕ್ಷು ದಾರಿಯುದ್ದಕ್ಕೂ ಏನು ಉಂಡನೋ ಎಂದು ಅವರು ತಮಾಷೆಗೆ ಕೇಳಿದರಂತೆ. ದರ್ಶನ ಮುಗಿಯುವಾಗ ಮಧ್ಯಾಹ್ನ ಮೂರು ಗಂಟೆ. ಬೆಳಗಿನಿಂದ ಹೊಟ್ಟೆಗೆ ಹಾಲಿನ ಹೊರತು ಬೇರೇನೂ ಬಿದ್ದಿರಲಿಲ್ಲ. ಯಜಮಾನರ ಪತ್ನಿಗೆ ತಲೆ ಸುತ್ತಿ ಬಂತು. ಹೋಟೆಲುಗಳನ್ನು ವಿಚಾರಿಸಿದರೆ ಎಲ್ಲೆಲ್ಲಿಯೂ ಮೀನು. ಮಗ ಇಬ್ಬರನ್ನೂ ಒಂದು ಮರದಡಿಯಲ್ಲಿ ಕುಳ್ಳಿರಿಸಿ ಮೂಲೆಯ ಅಂಗಡಿಗೆ ಓಡಿದ.

ಈ ಅಂಗಡಿಗಳ ವಿಷಯ ಸ್ವಲ್ಪ ತಿಳಿಯತಕ್ಕದ್ದು. 'ಕನ್ವೀನಿಯನ್ಸ್ ಸ್ಟೋರ್' ಎಂಬುದನ್ನು ಜಪಾನೀಯರು ತಮ್ಮ ನಾಲಗೆಗೆ ಹೊಂದಿಸಿಕೊಂಡು 'ಕೊನ್ಬಿನಿ' ಎನ್ನುತ್ತಾರೆ. ಇದರ ಮೂಲ ಅಮೆರಿಕ. ಅಲ್ಲಿಯ ಡಲ್ಲಾಸ್ ಪಟ್ಟಣದಲ್ಲಿ 1927ರಲ್ಲಿ ಮಂಜುಗಡ್ಡೆ ಮಾರುತ್ತಿದ್ದ ಸಂಸ್ಥೆಯೊಂದು ಹಾಲು, ಬ್ರೆಡ್ಡುಗಳನ್ನೂ ಇಟ್ಟು ಮಾರತೊಡಗಿತು. ಬೆಳಗ್ಗೆ 7ರಿಂದ ರಾತ್ರಿ 11ರವರೆಗೆ ಬಾಗಿಲು ತೆರೆದಿರುತ್ತದೆಂದು ಸಾರುವುದಕ್ಕಾಗಿ 1946ರಲ್ಲಿ 'ಸೆವೆನ್ ಇಲೆವೆನ್' ಎಂಬ ಹೆಸರನ್ನು ತಳೆಯಿತು. ಆ ಹೆಸರಿನ ಅಂಗಡಿ ಟೋಕಿಯೋದ ತೊಯೊಸುವಿನಲ್ಲಿ ತೆರೆದದ್ದು 1974ರ ಮೇ ತಿಂಗಳಲ್ಲಿ. ಈಗ ಇಂತಹ ಅಂಗಡಿಗಳು ನಾನಾ ಹೆಸರುಗಳಿಂದ ಆ ದೇಶದಲ್ಲಿ ಸುಮಾರು 55,000 ಇವೆ. ಬಹುಪಾಲು ಹಗಲಿರುಳೂ ಮುಚ್ಚುವುದಿಲ್ಲ. ನಮ್ಮ ಕಡೆ ಹೋಟೆಲಿನ ತಿಂಡಿಗೆ ಮನೆಯದರ ಮರ್ಯಾದೆ ಎಂದೂ ಬಂದಿಲ್ಲ. ಅಲ್ಲಿಯಾದರೋ ಉದ್ಯೋಗಸ್ಥರೂ ವಿದ್ಯಾರ್ಥಿಗಳೂ ಏನೊಂದು ಸಂಕೋಚವೂ ಇಲ್ಲದೆ ನಿತ್ಯದ ಊಟವನ್ನೇ ಈ ಅಂಗಡಿಗಳಿಂದ ಒಯ್ಯುತ್ತಾರೆ.

ಮಗ ತಂದದ್ದು 'ಒನಿಗಿರಿ'. ಜಿಗುಟಾದ ಅನ್ನವನ್ನು ಮುಮ್ಮೂಲೆಯಾಗಿ ಒತ್ತಿ, ಒಳಗೆ ಉಪ್ಪಿನಲ್ಲಿ ಹಾಕಿ ಬಿಸಿಲಿಗೊಣಗಿಸಿದ 'ಉಮೆ' ಎಂಬ ಹುಳಿಹಣ್ಣನ್ನಿಟ್ಟು, ಹೊರಗೆ ಕಡಲಪಾಚಿಯಿಂದ ಮಾಡಿದ ಕಪ್ಪು ಹಾಳೆಯನ್ನು ಸುತ್ತಿದ ಬುತ್ತಿಯದು. ಹಾಳೆ ಅನ್ನದ ಪಸೆಗೆ ಮೆತ್ತಗಾಗದಂತೆ ನಡುವೆ ತೆಳುವಾದ ಪ್ಲಾಸ್ಟಿಕ್ ಪೊರೆಯಿರುತ್ತದೆ. ಹೊದಿಕೆಯ ಮೂರು ಕಡೆ 1, 2, 3 ಎಂದು ಅಂಕಿ ಹಾಕಿದೆ. ಆ ಕ್ರಮದಲ್ಲಿ ಎಳೆದರೆ ಪೊರೆ ಕಳಚಿ ಹಾಳೆ ತಾನಾಗಿ ಅನ್ನಕ್ಕೆ ಅಂಟಿಕೊಳ್ಳುತ್ತದೆ. ಸಾವಿರಾರು ಬುತ್ತಿ ಬಿಚ್ಚಿದ ಯಜಮಾನರ ಕೈ ಅಲ್ಲಿ ಸೋತು, ಮೊದಲನೆಯದರ ಹಾಳೆ ಹರಿದು ಚೂರಾಯಿತು. ಆ ಹೊದಿಕೆಯ ಮೇಲೆ ಅವರು ಓದಬಲ್ಲವಾಗಿದ್ದುವು ಆ ಮೂರು ಅಂಕಿಗಳು ಮಾತ್ರ.

"ಮೀನಿಲ್ಲವಷ್ಟೆ?" ಎಂದು ಕೇಳಿದರು.

"ಅಂಗಡಿಯವರನ್ನು ಕೇಳಿದ್ದೇನೆ ಅಪ್ಪಯ್ಯ. ಬರೇ ಹುಳಿಹಣ್ಣು ಅಂದರು."

ಇಬ್ಬರೂ ಒಂದೊಂದು ತಿಂದರು. ಮೊದಲ ತುತ್ತು ಗಂಟಲಿಗಿಳಿದಾಗ ಯಜಮಾನರ ಕಣ್ಣಲ್ಲಿ ನೀರು ಬಂತಂತೆ. ಅನ್ನದ ನಡುವೆ ಉಪ್ಪುಹುಳಿಯ ಕಾಯನ್ನು ಹುದುಗಿಸಿದರೆ ಅನ್ನ ಕೆಡುವುದಿಲ್ಲವೆಂಬುದನ್ನು ಆ ಜನರೂ ಬಲ್ಲರು. ಐವತ್ತು ವರ್ಷಗಳ ಹಿಂದೆ ತಾಯಿ ಕಟ್ಟಿಕೊಡುತ್ತಿದ್ದ ಮಿಡಿಯ ಬುತ್ತಿಯೇ ಬೇರೊಂದು ವೇಷದಲ್ಲಿ ಅವರ ಕೈಗೆ ಬಂದಿತ್ತು. ರಾತ್ರಿ ಅದನ್ನೇ ತರಿಸಿದರು. ಮರುದಿನ ಮಧ್ಯಾಹ್ನವೂ ಅದನ್ನೇ. ಬಾಳೆಹಣ್ಣು, ಹಾಲು, ಬ್ರೆಡ್ಡು ದೊರೆಯುತ್ತವೆಂದು ಅಷ್ಟರಲ್ಲಿ ಗೊತ್ತಾಗಿದ್ದರೂ ಯಜಮಾನರ ಮನಸ್ಸು ಒನಿಗಿರಿಯ ಮೇಲೆಯೇ ನೆಟ್ಟಿತ್ತು. ಜೊತೆಗೆ ಡಬ್ಬಿಯ ಕಾಫಿ. ಹಾಲು ಸಕ್ಕರೆ ಬೆರೆಸಿದ ಕಾಫಿಯನ್ನು ಡಬ್ಬಿಯಲ್ಲಿ ಮುಚ್ಚಿ ಮಾರುವ ಕ್ರಮ ಆ ದೇಶದಲ್ಲಿ 1969ರಿಂದ ಹಬ್ಬಿತು. ಅಂಗಡಿಯಲ್ಲಿ ಅದನ್ನು ಬಿಸಿಯಾಗಿಯೇ ಇಟ್ಟಿರುತ್ತಾರೆ. ಬಾಬಾಬುಡನರು ಏಳು ಬೀಜ ತಂದು ಬಿತ್ತಿದರೆಂಬ ಚಂದ್ರದ್ರೋಣ ಪರ್ವತದ ಸೀಮೆಯಲ್ಲಿ ಹುಟ್ಟಿದ ನಾಲಗೆ ಅದನ್ನು ಒಪ್ಪಬಾರದಾಗಿತ್ತು. ಒಪ್ಪಿತು.

ಜಪಾನಿನ ಬೀದಿಗಳಲ್ಲಿ ಕಸದ ತೊಟ್ಟಿಗಳು ವಿರಳ. ಅವರವರ ಕಸ ಅವರವರ ಚೀಲದಲ್ಲಿ. ಈ ಕಾರಣದಿಂದಲೇ ಎರಡನೆಯ ದಿನ ರಾತ್ರಿ ಮಗನ ಸಹೋದ್ಯೋಗಿಯೊಬ್ಬನ ಮನೆಗೆ ಹೋದಾಗ ತಿಂದ ಬುತ್ತಿಗಳ ಹೊದಿಕೆಗಳು ಇನ್ನೂ ಜೊತೆಯಲ್ಲಿಯೇ ಇದ್ದುವು. ಅತಿಥಿಗಳು ಮೀನು ತಿನ್ನುವುದಿಲ್ಲವೆಂದು ಕೇಳಿ ಆ ಗೃಹಸ್ಥ ಒಂದು ಹೊದಿಕೆಯನ್ನೆತ್ತಿ ಸಣ್ಣಕ್ಷರಗಳನ್ನು ಓದಿ, ಮುಖ ಬಾಡಿಸಿಕೊಂಡು ಮಗನ ಕಿವಿಯಲ್ಲಿ ಏನನ್ನೋ ಹೇಳಿದ. ಹಣ್ಣಿನೊಡನೆ ಕಟ್ಸುವೊ ಎಂಬ ಮೀನಿನ ಸಾರವೂ ಸೇರಿತ್ತು. ಹೆಂಗಸರು ಒಳಗಿದ್ದರು; ಮಗ ತಂದೆಗೆ ಮಾತ್ರ ತಿಳಿಸಿದ.

ಅಂಗಡಿಯವನು ಸುಳ್ಳಾಡಿದನೆನ್ನುವಂತಿಲ್ಲ. ಕಟ್ಸುವೊ ಮೀನನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಮರದ ಕೊರಡಿನಂತೆ ಒಣಗಿಸಿ, ಹೆರೆದು, ಆ ಹೆರಕಲಿನಿಂದ ತೆಗೆದ ರಸ ಜಪಾನೀಯರ ಅಡಿಗೆಗೆಲ್ಲ ತಳಹದಿ. ನಮ್ಮಲ್ಲಿ ಸಾರಿನಲ್ಲಿ ಏನಿದೆಯೆಂದರೆ ಬೇಳೆಯೆನ್ನುತ್ತೇವೆಯೇ ಹೊರತು ಇಂಗಿನ ಸುದ್ದಿಯನ್ನು ಯಾರು ಎತ್ತುತ್ತಾರೆ? ಹಾಗೆಯೇ ಅವರಿಗೆ ಅದು ಮೀನೆಂದು ತೋರುವುದೇ ಇಲ್ಲ. ತೆಮ್ಮು ಚಕ್ರವರ್ತಿ 675ರಲ್ಲಿ ಮಾಂಸವನ್ನು ನಿಷೇಧಿಸಿದಾಗಲೂ ದನ, ಕುದುರೆ, ನಾಯಿ, ಕೋತಿ, ಕೋಳಿಗಳನ್ನು ಹೆಸರಿಸಿದನೇ ಹೊರತು ಮೀನನ್ನಲ್ಲ. ಬೌದ್ಧ ವಿಹಾರಗಳಲ್ಲಿ ಕಡಲಪಾಚಿ, ಅಣಬೆಗಳ ರಸದಿಂದಲೇ ಮಾಡುವ ಶುದ್ಧ ಸಸ್ಯಾಹಾರವುಂಟು. ಅದನ್ನು ಹುಡುಕಿಕೊಂಡು ಹೋಗಬೇಕು.

ಆ ರಾತ್ರಿ ಯಜಮಾನರಿಗೆ ನಿದ್ರೆ ಬರಲಿಲ್ಲ. ಪಾಠಶಾಲೆಯಲ್ಲಿ ಕೇಳಿದ್ದ ಛಾಂದೋಗ್ಯೋಪನಿಷತ್ತಿನ ಉಷಸ್ತಿಯ ಕಥೆ ನೆನಪಿಗೆ ಬಂತು. ಕುರುದೇಶದಲ್ಲಿ ಬೆಳೆ ಹಾಳಾಗಿ ಬರ ಬಂದಾಗ ಉಷಸ್ತಿ ಚಾಕ್ರಾಯಣನು ಒಬ್ಬ ಮಾವುತನಿಂದ ಅವನು ತಿಂದು ಮಿಕ್ಕ ಕಾಳನ್ನು ಬೇಡಿ ತಿಂದ. ಮಾವುತ ನೀರನ್ನೂ ಕೊಡಹೋದರೆ ಎಂಜಲೆಂದು ನಿರಾಕರಿಸಿದ. ಕಾಳು ಎಂಜಲಲ್ಲವೆ ಎಂದರೆ, ಅದನ್ನು ತಿನ್ನದಿದ್ದರೆ ಬದುಕುತ್ತಿರಲಿಲ್ಲ, ನೀರಾದರೋ ಬೇಕಾದಲ್ಲಿ ಸಿಕ್ಕುತ್ತದೆ ಎಂದ. ಮಿಕ್ಕ ಕಾಳನ್ನು ಹೆಂಡತಿಗೆ ಒಯ್ದುಕೊಟ್ಟ. ಅವಳಿಗೆ ಬೇರೆ ಭಿಕ್ಷೆ ದೊರೆತಿದ್ದುದರಿಂದ ಅದನ್ನು ತೆಗೆದಿಟ್ಟಳು. ಮೊದಲ ದಿನದ ಒನಿಗಿರಿ ಉಷಸ್ತಿಯ ಕಾಳು, ಸರಿ. ಉಳಿದವು? ಮೇಲಾಗಿ, ನಲವತ್ತು ವರ್ಷ ಏಕಾದಶಿ ತಪ್ಪದ ಹೆಂಡತಿಗೆ ತಾವೇ ಕೈಯಾರೆ ಕೊಟ್ಟದ್ದು! ಹೇಳಿದರೆ ಊರು ಸೇರುವವರೆಗೆ ಅವಳು ಹಾಲಿನಲ್ಲಿಯೇ ಇದ್ದುಬಿಟ್ಟಾಳು. ಹೇಳದಿದ್ದರೆ ನಾಳೆಯೂ ಅದನ್ನೇ ತಿಂದಾಳು. ಬೇರೆ ನೆವ ಹೇಳಿ ಬಿಡಿಸಿದರೆ ಹೇಗೆಂದೂ ಯೋಚಿಸಿದರು. ಇಂತಹ ಸಂದರ್ಭದಲ್ಲಿ ಮೌನವೇ ದಯೆಯೆನ್ನುವವರುಂಟು. ಆದರೆ ಆ ದಯೆಯಲ್ಲಿ ಅರ್ಧ ಪಾಲು ಹೇಳುವವನ ಅಂಜಿಕೆಯೇ ಇರುತ್ತದೆ.

ಬೆಳಗ್ಗೆ ಹೇಳಿದರು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲನೇ ದಿವಸದ್ದರಲ್ಲಿಯೂ ಇತ್ತೋ?" ಎಂದರು.

"ಇತ್ತು."

"ಹಸಿವಾಗಿತ್ತು, ತಿಂದೆ. ಇನ್ನು ಅದಕ್ಕೇನು ಮಾಡಲಿಕ್ಕಾಗುತ್ತದೆ? ಆಮೇಲಿನದು ನಾನು ತಿನ್ನಲಿಲ್ಲ. ಹುಳಿಗೆ ಹಲ್ಲು ಜುಮ್ಮೆನ್ನುತ್ತಿತ್ತು. ಬಾಳೆಹಣ್ಣು ತಿಂದು ಅದನ್ನು ನಿಮಗೆ ತೆಗೆದಿಟ್ಟೆ. ನಿನ್ನೆ ಬೆಳಗ್ಗೆ ನೀವು ತಿಂದದ್ದೂ ನನ್ನದೇ, ಸಾಯಂಕಾಲದ್ದೂ ನನ್ನದೇ." ಆಮೇಲೆ, "ಹಾಗಾದರೆ ನಿಮ್ಮದು ಎಷ್ಟಾಯಿತು?" ಎಂದು ಕೇಳಿದರು.

ಯಜಮಾನರು ಬೆರಳು ಮಡಿಸಿ ಎಣಿಸಿ, "ಐದು" ಎಂದರು.

ಆ ದಿನ ಆಕೆ ತಾವೇ ಮಗನೊಡನೆ ಅಂಗಡಿಯೊಳಕ್ಕೆ ಹೋದರು. ಬರೇ ಅನ್ನ, ಉಪ್ಪುಗಳ ಒನಿಗಿರಿಯೊಂದು ಇದೆಯೆಂದು ಸಹೋದ್ಯೋಗಿ ತಿಳಿಸಿದ್ದನಾದರೂ ಆಕೆ ಬಾಯಿಮಾತನ್ನು ನಂಬಲಿಲ್ಲ. ಮಗ ಮೊಬೈಲ್ ಹಿಡಿದು ಹೊದಿಕೆಯ ಒಂದೊಂದು ಅಕ್ಷರವನ್ನೂ ತರ್ಜುಮೆ ಮಾಡಿ ಓದಿ ಹೇಳಿದ. ಸಂಶಯ ಬಂದಲ್ಲಿ ಮತ್ತೆ ಓದಿಸಿದರು. ಹಿಂದೆ ಜನ ನಿಂತಿದ್ದರು, ಆಕೆ ಅವಸರಪಡಲಿಲ್ಲ. ಎರಡು ಬುತ್ತಿ ತೆಗೆದುಕೊಂಡ ಮೇಲೆ ಬಿಸಿಡಬ್ಬಿಗಳ ಗೂಡಿನೆದುರು ನಿಂತಿದ್ದ ಗಂಡನನ್ನು ಕಂಡು, "ಅದನ್ನೂ ಓದು" ಎಂದರು.

ಹಾಲು, ಸಕ್ಕರೆ, ಕಾಫಿ ಎಂದು ಮೊದಲುಗೊಂಡು ಮಗ ಕೊನೆಯವರೆಗೂ ಓದಿದ. ಮೀನಿರಲಿಲ್ಲ.

"ಯಾವ ಊರಿನ ಕಾಫಿಯಂತೆ?"

ಅದನ್ನು ಬರೆದಿರಲಿಲ್ಲ. ಯಜಮಾನರು ಒಂದು ಡಬ್ಬಿಯನ್ನು ತೆಗೆದುಕೊಂಡು, ಮತ್ತೆ ಗೂಡಿನಲ್ಲಿಟ್ಟು, ಮತ್ತೆ ತೆಗೆದುಕೊಂಡರು. ಅಂಗಡಿಯ ಹೊರಗಿನ ಬೆಂಚಿನ ಮೇಲೆ ಕುಳಿತು ಅರ್ಧ ಕುಡಿದು, ಉಳಿದದ್ದನ್ನು ಹೆಂಡತಿಗೆ ಕೊಟ್ಟರು.