ಮೂಟೆಯ ಮೇಲಿನ ಹೆಸರು

ಪಿಯುಸಿ ಮುಗಿಸಿದ ಮಗಳು ಒಂದು ರಾತ್ರಿ ಊಟಕ್ಕೆ ಕೂತಾಗ ಹೇಳಿದಳು: “ಅಬ್ಬಾ, ನಾನು ಮೈಸೂರಿಗೆ ಹೋಗಿ ಅನ್ವಯಕಲೆ ಓದ್ತೀನಿ.”

“ಅದನ್ನು ಓದಿದರೆ ಯಾವ ಕೆಲಸ ಸಿಗುತ್ತೆ?” ಎಂದುಬಿಟ್ಟೆ. ಕೇಳಿದ ಮೇಲೆ ನಾಚಿಕೆಯಾಯಿತು. ಮೂವತ್ತು ವರ್ಷಗಳ ಹಿಂದೆ ನನ್ನ ಅಬ್ಬಾ ನನಗೆ ಕೇಳಿದ್ದೂ ಇದನ್ನೇ.

ಅಬ್ಬಾ ವಸ್ತಾರೆಯ ಸುತ್ತಮುತ್ತ ಬೋರ್ಡು ಬರೆಯುತ್ತಿದ್ದರು. ಅಂಗಡಿ, ಗ್ಯಾರೇಜು, ಎಸ್ಟೇಟಿನ ಗೇಟು ಎಲ್ಲದಕ್ಕೂ ಅವರೇ. ಕಾಫಿ ಕೊಯ್ಲು ಮುಗಿದು ಮೂಟೆ ಕಟ್ಟುವ ಕಾಲಕ್ಕೆ ಗೋಣಿಚೀಲದ ಮೇಲೆ ತೋಟದ ಹೆಸರು ಒತ್ತಲು ತಗಡಿನ ಅಚ್ಚು ಕತ್ತರಿಸಿ ಕೊಡುತ್ತಿದ್ದರು. ಅದು ಸುಲಭದ ಕೆಲಸವಲ್ಲ. ‘ರ’ದ ಸುತ್ತನ್ನು ಪೂರ್ತಿ ಕತ್ತರಿಸಿದರೆ ನಡುವಿನ ತಗಡು ಕಳಚಿ ಬೀಳುತ್ತದೆ. ಅಲ್ಲಲ್ಲಿ ಸಣ್ಣ ಪಟ್ಟಿ ಬಿಡಬೇಕು. ಆದರೂ ಓದುವವನಿಗೆ ಅದು ‘ರ’ ಎಂದೇ ಕಾಣಬೇಕು. ಉರ್ದು ಶಾಲೆಯಲ್ಲಿ ಅಲಿಫ್, ಬೇ ತಿದ್ದಿದ್ದ ನನಗೆ ಕನ್ನಡ ಅಕ್ಷರಗಳ ಮೈಕಟ್ಟು ತಿಳಿದದ್ದು ಆ ತಗಡುಗಳಿಂದ.

ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರು ನನಗೆ ಲೋಯರ್ ಗ್ರೇಡ್ ಪರೀಕ್ಷೆ ಕಟ್ಟಲು ಹೇಳಿದರು. ಅಬ್ಬಾ ಒಪ್ಪಲಿಲ್ಲ. ನಮ್ಮ ಮಲೆನಾಡಿನ ಮಳೆಯಲ್ಲಿ ಬಣ್ಣ ಒಣಗುವುದಿಲ್ಲ. ಜೂನ್ ಬಂತೆಂದರೆ ಮನೆಯಲ್ಲಿ ಅಂಗಡಿಯ ಸಾಲದ ಲೆಕ್ಕ ಬೆಳೆಯುತ್ತಿತ್ತು. “ಬ್ರಷ್ಷು ನನಗೇ ಸಾಕು, ನೀನು ಪೆನ್ನು ಹಿಡಿ” ಎಂದರು. ನಾನೂ ಹಟ ಮಾಡಲಿಲ್ಲ. ಅದಕ್ಕೆ ಕಾರಣ ಬೇರೆ. ಶಾಲೆಯ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬಲ್ಲಿ ನಾನು ‘ಕೂಲಿ’ ಎಂದು ಬರೆದಿದ್ದೆ. ಬಣ್ಣ ಮೆತ್ತಿದ ಅವರ ಬೆರಳುಗಳ ಬಗ್ಗೆ ನನಗೆ ಸಂಕೋಚವಿತ್ತು. ಅಬ್ಬಾ ಅದನ್ನು ಓದಿದರು. ಏನೂ ಹೇಳದೆ, ಚೆಂದದ ಅಕ್ಷರದಲ್ಲಿ ಸಹಿ ಹಾಕಿದರು.

ಮುಂದೆ ಫ್ಲೆಕ್ಸ್ ಬಂತು, ಬೋರ್ಡಿನ ಕೆಲಸ ಹೋಯಿತು. ಅಬ್ಬಾ ಕೂಡ ಹೋದರು.

ಮಗಳ ಜೊತೆ ಮೈಸೂರಿನ ಕಾವಾ ನೋಡಲು ಹೋದೆ. ಅದರ ಬೇರು ಇರುವುದು 1906ರಲ್ಲಿ ಅಡಿಗಲ್ಲು ಹಾಕಿದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ. ಕೈಕಸುಬನ್ನೂ ವಿದ್ಯೆಯೆಂದು ಕಲಿಸಲು ಹೊರಟ ಸಂಸ್ಥೆ ಅದು. ಅಲ್ಲಿ ಚಿತ್ರಕಲೆ, ಶಿಲ್ಪಕಲೆಗಳ ಜೊತೆಗೆ ಅನ್ವಯಕಲೆಯೂ ಒಂದು ವಿಭಾಗ. ಅಕ್ಷರ, ಜಾಹೀರಾತು, ಪುಸ್ತಕದ ಮುಖಪುಟ, ಪೊಟ್ಟಣದ ವಿನ್ಯಾಸ, ಇವೆಲ್ಲ ಅನ್ವಯಕಲೆಯ ಪಾಠಗಳು. ನನಗೆ ನಮ್ಮೂರಿನ ಮೂಟೆಗಳು ನೆನಪಾದವು. ಈಗ ಎಷ್ಟೋ ಬೆಳೆಗಾರರು ತಾವೇ ಪುಡಿ ಮಾಡಿಸಿ, ತೋಟದ ಹೆಸರಿನಲ್ಲೇ ಮಾರುತ್ತಾರೆ. ಮೂಟೆಯ ಮೇಲಿದ್ದ ಹೆಸರು ಪ್ಯಾಕೆಟ್ಟಿಗೆ ಬಂದಿದೆ. ಅದನ್ನೂ ಯಾರೋ ಬರೆಯಲೇಬೇಕಲ್ಲ?

“ತಸ್ವೀರ್ ಬಿಡಿಸೋದು ನಮ್ಮಲ್ಲಿ ಸರಿಯಾ?” ಎಂದು ನೆಂಟರೊಬ್ಬರು ಕೇಳಿದರು. ಅಬ್ಬಾ ಜೀವಮಾನವಿಡೀ ಒಂದು ಮುಖವನ್ನೂ ಬರೆದವರಲ್ಲ. ಅಕ್ಷರ, ಬಳ್ಳಿ, ಹೂವು ಅಷ್ಟೇ. ಮೈಸೂರಿನಲ್ಲಿ ಬೀಟೆಮರದ ಇನ್‌ಲೇ ಕೆಲಸದಲ್ಲಿ ತಲೆಮಾರುಗಳಿಂದ ನಮ್ಮವರು ಎಷ್ಟೋ ಜನರಿದ್ದಾರೆ. ಬೀದರಿನ ಬಿದ್ರಿ ಕಲೆಗಾರ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಇಷ್ಟನ್ನು ಹೇಳಿದೆ. ಅವರು ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ವಾದ ಬೆಳೆಸಲಿಲ್ಲ.

ಹೊರಡುವ ಹಿಂದಿನ ದಿನ ಮಗಳು ಅಟ್ಟದಿಂದ ಒಂದು ತುಕ್ಕು ಹಿಡಿದ ಅಚ್ಚನ್ನು ಇಳಿಸಿ ಒರೆಸುತ್ತಿದ್ದಳು.

“ಇದನ್ನೂ ತಗೊಂಡು ಹೋಗ್ತೀನಿ ಅಬ್ಬಾ. ದಾದಾ ಏನು ಮಾಡ್ತಿದ್ರು ಅಂತ ಯಾರಾದ್ರೂ ಕೇಳಿದರೆ ಏನನ್ನಲಿ?”

ಅಂದು ಅರ್ಜಿಯಲ್ಲಿ ಬರೆಯದೆ ಹೋದದ್ದನ್ನು ಹೇಳಿದೆ: “ಬೋರ್ಡು ಬರೀತಿದ್ರು ಅನ್ನು.”