ಘಟ್ಟ ಇಳಿದ ಕೂಸಿನ ನಿದ್ದೆ

ಪ್ರವಾಸಕಥನ ಬರೆಯುವವರು ತಾವು ಕಂಡ ಗುಡಿಗಳನ್ನೂ ಏರಿದ ಬೆಟ್ಟಗಳನ್ನೂ ಮಿಂದ ತೀರ್ಥಗಳನ್ನೂ ಎಣಿಸಿ ಹೇಳುತ್ತಾರೆ. ಯಾವ ಊರಿನಲ್ಲಿ ತಮ್ಮ ಕೂಸು ಹೇಗೆ ಮಲಗಿತೆಂಬುದನ್ನು ಹೇಳುವವರು ವಿರಳ. ಆದರೆ ಎಳೆಯ ಮಗುವನ್ನೆತ್ತಿಕೊಂಡು ಊರು ಬಿಟ್ಟ ತಾಯಿಯನ್ನು ಕೇಳಿ ನೋಡಿ. ಜೋಗವೆಂದರೆ ಅವಳಿಗೆ ಮೊದಲು ನೆನಪಾಗುವುದು ಬೆಳಗಿನ ಜಾವದವರೆಗೆ ಮಗುವನ್ನು ಹೆಗಲಿಗೇರಿಸಿಕೊಂಡು ಹೆಜ್ಜೆಯಲ್ಲಿ ಅಳೆದ ವಸತಿಗೃಹದ ಮೊಗಸಾಲೆ. ಜಲಪಾತ ಆಮೇಲಿನ ಮಾತು. ಆದಕಾರಣ ಈ ಬಾರಿ ಕರಾವಳಿಗೆ ಹೋಗಿಬಂದ ಕಥೆಯನ್ನು ಕೂಸಿನ ನಿದ್ದೆಯ ಕಡೆಯಿಂದಲೇ ಹೇಳುವುದು ನನ್ನ ಉದ್ದೇಶ.

ಹೊರಟವರು ಐವರು: ಮಗಳು, ಅಳಿಯ, ಮೂರು ವರ್ಷದ ಮೊಮ್ಮಗ, ಹತ್ತು ತಿಂಗಳ ಮೊಮ್ಮಗಳು ಮತ್ತು ನಾನು. ಬೆಂಗಳೂರಿನಿಂದ ಮಂಗಳೂರಿಗೆ ರೈಲು, ಅಲ್ಲಿಂದ ಉಡುಪಿಯ ಬಳಿಯ ಮಲ್ಪೆಗೆ ಕಾರು.

ಮೊದಲ ಚರ್ಚೆ ಹಗಲು ಗಾಡಿಯೋ ಇರುಳು ಗಾಡಿಯೋ ಎಂಬುದು. “ರಾತ್ರಿ ಹೊರಟರೆ ಮಕ್ಕಳು ಮಲಗಿದ್ದಂತೆಯೇ ಊರು ಬರುತ್ತದೆ” ಎಂಬುದು ಅಳಿಯನ ವಾದ. ಮೂರು ವರ್ಷದ ಹುಡುಗನ ಮಟ್ಟಿಗೆ ಈ ಮಾತು ಸರಿ. ಹತ್ತು ತಿಂಗಳ ಕೂಸಿನ ವಿಷಯ ಬೇರೆ. ಐದು ವರ್ಷದೊಳಗಿನ ಮಕ್ಕಳಿಗೆ ರೈಲಿನಲ್ಲಿ ಟಿಕೇಟಿಲ್ಲವಾದರೂ, ಟಿಕೇಟಿಲ್ಲದ ಮಗುವಿಗೆ ಬರ್ತೂ ಇಲ್ಲ. ಇಕ್ಕಟ್ಟಾದ ಆ ಹಲಗೆಯ ಮೇಲೆ ದಣಿದ ತಾಯಿಯೂ ಕೂಸೂ ಒಟ್ಟಿಗೆ ಮಲಗಬೇಕು. ತಾಯಿಗೆ ಗಾಢನಿದ್ದೆ ಹತ್ತಿದರೆ ಕೂಸಿಗೆ ಅಪಾಯ. ಹತ್ತದಿದ್ದರೆ ಮರುದಿನವೆಲ್ಲ ತಾಯಿಗೆ ಸಂಕಟ. ೨೦೨೨ರ ಮೇ ತಿಂಗಳಲ್ಲಿ ಉತ್ತರ ರೈಲ್ವೆಯವರು ಲಖನೌ ಮೇಲ್ ಗಾಡಿಯಲ್ಲಿ ಕೆಳಬರ್ತಿಗೆ ಅಂಟಿದಂತೆ ಪುಟ್ಟದೊಂದು ಶಿಶುಬರ್ತನ್ನು ಪ್ರಯೋಗಕ್ಕಾಗಿ ಜೋಡಿಸಿದ್ದರು. ಅಂಥದೊಂದು ನಮ್ಮ ಗಾಡಿಯಲ್ಲಿರಲಿಲ್ಲ. ಹಗಲಿನಲ್ಲಾದರೋ ಹಿರಿಯರೊಬ್ಬರು ಎಚ್ಚರವಾಗಿ ಪಕ್ಕದಲ್ಲಿ ಕುಳಿತಿರಬಹುದು. ಕೂಸು ಒಂಟಿಯಾಗಿ, ಸಮತಟ್ಟಾಗಿ ಮಲಗಬಹುದು. ನನ್ನ ವಾದವೇ ಗೆದ್ದಿತು.

ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ ೫೫ ಕಿಲೋಮೀಟರಿನ ಹಾದಿಯನ್ನು ಹಗಲಿನಲ್ಲಿ ಕಂಡವರು ಮರೆಯಲಾರರು. ಮೀಟರ್‌ಗೇಜಿನ ಹಳಿಯಾಗಿ ೧೯೭೯ರಲ್ಲಿ ಪೂರ್ಣಗೊಂಡ ಮಾರ್ಗವಿದು. ಹಳಿಯನ್ನು ಅಗಲಿಸಿದ ಮೇಲೆ ೨೦೦೭ರ ಡಿಸೆಂಬರಿನಲ್ಲಿ ಪ್ರಯಾಣಿಕರ ಗಾಡಿಗಳು ಮತ್ತೆ ಓಡತೊಡಗಿದವು. ಸುಮಾರು ೯೦೦ ಮೀಟರ್ ಎತ್ತರದ ಮಲೆನಾಡಿನಿಂದ ಗಾಡಿಯು ತಡೆತಡೆದು, ಗಾಲಿಗಳಿಂದ ಕರಕರ ಸದ್ದು ಹೊರಡಿಸುತ್ತ ಅಡಿಗೆ ಇಳಿಯುತ್ತದೆ. ಒಂದು ಬದಿಗೆ ನೀರೊಸರುವ ಕರಿಬಂಡೆ, ಇನ್ನೊಂದು ಬದಿಗೆ ಕಣ್ಣು ಹಾಯುವಷ್ಟು ದೂರ ಹಸುರಿನ ಕಣಿವೆ. ನಡುವೆ ೫೭ ಸುರಂಗಗಳು. ಪ್ರತಿಯೊಂದು ಸುರಂಗ ಬಂದಾಗಲೂ ಬೋಗಿಯ ಹುಡುಗರೆಲ್ಲ ಒಕ್ಕೊರಲಿನಿಂದ ಕೂಗುವುದು ಈ ಮಾರ್ಗದ ಸಂಪ್ರದಾಯವೇ ಆಗಿದೆ. ನಮ್ಮ ಮೊಮ್ಮಗ ಹನ್ನೊಂದರವರೆಗೆ ಎಣಿಸಿ, ಮುಂದಿನ ಸಂಖ್ಯೆ ತಿಳಿಯದೆ ಪುನಃ ಒಂದರಿಂದ ಪ್ರಾರಂಭಿಸಿದನು.

ಈ ಗದ್ದಲದ ನಡುವೆ ಕೂಸು ಮಲಗಬೇಕು. ನಾಲ್ಕರಿಂದ ಹನ್ನೆರಡು ತಿಂಗಳ ಮಗುವಿಗೆ ಹಗಲು ಇರುಳು ಸೇರಿ ೧೨ರಿಂದ ೧೬ ಗಂಟೆ, ಒಂದೆರಡು ವರ್ಷದ ಮಗುವಿಗೆ ೧೧ರಿಂದ ೧೪, ಮೂರರಿಂದ ಐದು ವರ್ಷದವರಿಗೆ ೧೦ರಿಂದ ೧೩ ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾವೈದ್ಯರು ೨೦೧೬ರಲ್ಲಿ ಲೆಕ್ಕ ಹಾಕಿದ್ದಾರೆ. ಹಗಲಿನ ನಿದ್ದೆ ತಪ್ಪಿದರೆ ಮಗು ದಣಿದು ರಾತ್ರಿ ಚೆನ್ನಾಗಿ ಮಲಗೀತೆಂಬುದು ನಮ್ಮಲ್ಲಿ ಅನೇಕರ ನಂಬಿಕೆ. ನಡೆಯುವುದು ಇದಕ್ಕೆ ವಿರುದ್ಧ. ಹದ ಮೀರಿ ದಣಿದ ಮಗು ಕೆರಳಿರುತ್ತದೆ. ಮಲಗಿಸಿದಷ್ಟೂ ಬೆನ್ನು ಬಿಲ್ಲಾಗಿಸಿ ಅಳುತ್ತದೆ. ಆದ್ದರಿಂದ ದಿನಕ್ಕೆ ಎರಡು ನಿದ್ದೆ ಮಾಡುವ ಕೂಸಿಗೆ ಪ್ರಯಾಣದ ದಿನ ಒಂದಾದರೂ ಪೂರ್ತಿ ನಿದ್ದೆ ದೊರೆಯುವಂತೆ ನೋಡಿಕೊಳ್ಳುವುದು ಉಳಿದೆಲ್ಲ ಉಪಾಯಗಳಿಗಿಂತ ಮುಖ್ಯವಾದುದು.

ಎದುರು ಸೀಟಿನ ದಂಪತಿಗಳು ಹಳೆಯ ಸೀರೆಯೊಂದನ್ನು ಎರಡು ಮೇಲ್ಬರ್ತುಗಳ ನಡುವೆ ಬಿಗಿದು ತಮ್ಮ ಕೂಸಿಗೆ ಜೋಲಿ ಕಟ್ಟಿದರು. ನಮ್ಮ ದೇಶದ ರೈಲುಗಳಲ್ಲಿ ಇದು ದಿನವೂ ಕಾಣುವ ನೋಟ. ಜೋಲಿಯ ಸುಖವನ್ನು ನಾನು ಹಳಿಯಲಾರೆ. ನಾವೆಲ್ಲ ಅದರಲ್ಲೇ ತೂಗಿಸಿಕೊಂಡು ಬೆಳೆದವರು. ಆದರೆ ಮನೆಯ ತೊಲೆ ಅಲುಗಾಡುವುದಿಲ್ಲ, ಗಾಡಿ ಅಲುಗಾಡುತ್ತದೆ. ಅಲ್ಲದೆ ಬಟ್ಟೆಯ ಗುಣಿಯಲ್ಲಿ ಎಳೆಗೂಸಿನ ಗದ್ದ ಎದೆಗೆ ಒತ್ತಿಕೊಂಡು ಉಸಿರಿನ ದಾರಿ ಕಿರಿದಾಗಬಹುದು. ಕಟ್ಟುವವರು ಅದನ್ನು ತಗ್ಗಾಗಿ ಕಟ್ಟಿ, ಕೂಸಿನ ಮುಖದ ಮೇಲೆ ಕಣ್ಣಿಟ್ಟು, ನಿದ್ದೆ ಹತ್ತಿದ ಬಳಿಕ ಎತ್ತಿ ಸಮನಾದ ಜಾಗದಲ್ಲಿ ಅಂಗಾತ ಮಲಗಿಸುವುದು ಲೇಸು.

ಎತ್ತಿ ಮಲಗಿಸುವುದೇ ಕಷ್ಟವೆನ್ನುವಿರಾ? ತೋಳಿನಲ್ಲಿ ಕಲ್ಲಿನಂತೆ ಮಲಗಿದ್ದ ಕೂಸು ಹಾಸಿಗೆ ತಗಲಿದೊಡನೆ ಕಣ್ಣು ಬಿಡುವುದು ಎಲ್ಲ ತಾಯಂದಿರ ಅನುಭವ. ಜಪಾನಿನ ರಿಕೆನ್ ಸಂಸ್ಥೆಯ ವಿಜ್ಞಾನಿಗಳು ೨೦೨೨ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದು ಇದನ್ನೇ ಪರೀಕ್ಷಿಸಿತು. ಅಳುವ ಕೂಸನ್ನು ಎತ್ತಿಕೊಂಡು ಐದು ನಿಮಿಷ ಒಂದೇ ಸಮನೆ ನಡೆದಾಡಬೇಕು. ನಿದ್ದೆ ಹತ್ತಿದ ಮೇಲೆ ತಕ್ಷಣ ಇಳಿಸದೆ ಐದರಿಂದ ಎಂಟು ನಿಮಿಷ ಹಾಗೆಯೇ ಕುಳಿತಿದ್ದು ಅನಂತರ ಮಲಗಿಸಬೇಕು. ಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ಅತ್ತಿತ್ತ ತಿರುಗುತ್ತಿದ್ದ ನಮ್ಮ ಅಜ್ಜಿಯರಿಗೆ ಮೊದಲರ್ಧ ಗೊತ್ತಿತ್ತು. ಕಾದು ಕುಳಿತುಕೊಳ್ಳುವ ಎರಡನೆಯ ಅರ್ಧ ನನಗಂತೂ ಹೊಸ ಪಾಠ. ಎಡಕುಮೇರಿ ದಾಟುವ ಹೊತ್ತಿಗೆ ನಮ್ಮ ಅಳಿಯ ಬೋಗಿಯ ಉದ್ದಕ್ಕೂ ನಡೆದು, ಗಡಿಯಾರ ನೋಡಿ ಕುಳಿತು, ಈ ವಿದ್ಯೆಯನ್ನು ಸಾಧಿಸಿಕೊಂಡಿದ್ದರು.

ಗಾಡಿ ಘಟ್ಟದ ಬುಡ ಮುಟ್ಟಿದಂತೆ ಗಾಳಿಯೇ ಬದಲಾಗುತ್ತದೆ. ಬೆಂಗಳೂರಿನಿಂದ ಕರಾವಳಿಗೆ ಬರುವಾಗ ಗಡಿಯಾರದ ಮುಳ್ಳನ್ನು ತಿರುಗಿಸಬೇಕಿಲ್ಲ. ಆದರೆ ಮೈಯ ಮಟ್ಟಿಗೆ ಇದು ಬೇರೊಂದು ದೇಶ. ಡಿಸೆಂಬರಿನ ಬೆಂಗಳೂರಿನಲ್ಲಿ ಸ್ವೆಟರು, ಕಾಲುಚೀಲ, ಕುಲಾವಿಗಳಿಲ್ಲದೆ ಕೂಸನ್ನು ಹೊರಗೆ ತರುವಂತಿಲ್ಲ. ಅದೇ ಉಡುಪಿನಲ್ಲಿ ಪುತ್ತೂರಿನ ಸೆಕೆಯಲ್ಲಿ ಕುಳಿತ ಕೂಸಿನ ಕತ್ತು ಬೆವರಿನಿಂದ ತೊಯ್ದಿತ್ತು. ಮಲ್ಪೆಯ ಮನೆಯೊಡತಿ ಬಾಗಿಲಲ್ಲೇ ಹೇಳಿದ ಮೊದಲ ಮಾತು, “ಅಯ್ಯೋ ಮಾರಾಯ್ರೆ, ಆ ಟೊಪ್ಪಿ ಒಂದು ತೆಗೀರಿ, ಮಗುವಿಗೆ ಸೆಕೆ ಆಗ್ತದೆ!” ಎಳೆಯ ಕೂಸು ಮೈಯ ಕಾವನ್ನು ಹೊರಚೆಲ್ಲಲು ತಲೆ ಬಹುವಾಗಿ ನೆರವಾಗುತ್ತದೆ. ಮನೆಯೊಳಗೆ ಮಲಗಿದಾಗ ತಲೆಗೆ ಟೊಪ್ಪಿ ಬೇಡವೆಂದು ಮಕ್ಕಳ ವೈದ್ಯರು ಹೇಳುವುದು ಇದಕ್ಕೇ. ಅಂಗೈ ಅಂಗಾಲು ತಣ್ಣಗಿದ್ದರೆ ಚಳಿಯೆಂದು ತಿಳಿಯಬೇಕಿಲ್ಲ. ಕತ್ತಿನ ಹಿಂಭಾಗವನ್ನೂ ಎದೆಯನ್ನೂ ಮುಟ್ಟಿ ನೋಡಬೇಕು. ಇನ್ನು ಸೆಕೆಯೆಂದು ಆರು ತಿಂಗಳೊಳಗಿನ ಕೂಸಿಗೆ ನೀರು ಕುಡಿಸುವುದೂ ಉಂಟು. ಅದು ಅನಾವಶ್ಯಕ, ತಾಯಿಯ ಹಾಲನ್ನೇ ಇನ್ನೆರಡು ಸಲ ಹೆಚ್ಚಾಗಿ ಕೊಟ್ಟರಾಯಿತು.

ಮಂಗಳೂರಿನಿಂದ ಉಡುಪಿಯ ಹಾದಿಯಲ್ಲಿ ಕೂಸು ಕಾರಿನ ಶಿಶುಪೀಠದಲ್ಲಿ ಮಲಗಿತು. ಮಕ್ಕಳನ್ನು ಬೆಲ್ಟಿನಿಂದಲೋ ಶಿಶುಪೀಠದಿಂದಲೋ ಭದ್ರಪಡಿಸಬೇಕೆಂದು ೨೦೧೯ರ ಮೋಟಾರು ವಾಹನ ತಿದ್ದುಪಡಿಯೂ ವಿಧಿಸುತ್ತದೆ. ಮನೆ ತಲುಪಿದಾಗ ಮಗಳು, “ಅಮ್ಮಾ, ಹಾಗೇ ಪೀಠದ ಸಮೇತ ಒಳಗಿಡೋಣ, ಎಬ್ಬಿಸುವುದು ಬೇಡ” ಎಂದಳು. ಅವಳ ಕಣ್ಣಿನ ಕೆಳಗಿನ ಕಪ್ಪನ್ನು ನೋಡಿದರೆ ಹೂಂ ಎನ್ನಬೇಕೆನಿಸುತ್ತಿತ್ತು. ಆದರೆ ಆ ಪೀಠವಿರುವುದು ಚಲಿಸುವ ಕಾರಿಗೆ. ಅದರಲ್ಲಿ ಕೂಸು ಮುದುಡಿ ಕುಳಿತು ಗಂಟೆಗಟ್ಟಲೆ ಮಲಗಬಾರದು. ಎತ್ತಿದೆವು. ಎದ್ದಿತು, ಅತ್ತಿತು, ಹಾಲು ಕುಡಿದು ಪುನಃ ಮಲಗಿತು.

ಹೊಸ ಮನೆಯ ಮೊದಲ ರಾತ್ರಿ ನಮಗೂ ನಿದ್ದೆ ಸುಲಭವಲ್ಲ. ಅಪರಿಚಿತ ಸ್ಥಳದ ಮೊದಲ ರಾತ್ರಿ ಮಿದುಳಿನ ಒಂದು ಅರ್ಧ ಇನ್ನೊಂದಕ್ಕಿಂತ ಹಗುರವಾಗಿ ಮಲಗಿ, ಕಾವಲುಗಾರನಂತೆ ಸದ್ದಿಗೆ ಕಿವಿಗೊಟ್ಟಿರುತ್ತದೆಂದು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು ೨೦೧೬ರಲ್ಲಿ ಕಂಡುಕೊಂಡರು. ಅವರು ಪರೀಕ್ಷಿಸಿದ್ದು ದೊಡ್ಡವರನ್ನು. ಸ್ಥಳ ಬದಲಾಯಿತೆಂಬುದು ತಿಳಿದ ದೊಡ್ಡವರ ಪಾಡೇ ಹೀಗಿರುವಾಗ, ಕಾರಣ ತಿಳಿಯದೆ ಕಣ್ಣು ಬಿಟ್ಟು ಪರರ ಮಾಡನ್ನು ನೋಡುವ ಕೂಸು ಬೆದರಿದರೆ ಆಶ್ಚರ್ಯವೇನು?

ಆದ್ದರಿಂದ ಊರು ಬದಲಾದರೂ ಮಲಗುವ ಮುನ್ನಿನ ಒಂದು ಗಳಿಗೆ ಬದಲಾಗಬಾರದು. ಮನೆಯಲ್ಲಿ ಬಿಸಿನೀರ ಸ್ನಾನ, ಹಾಲು, ದೀಪ ಸಣ್ಣದು ಮಾಡುವುದು, ಜೋಗುಳ—ಹೀಗೆ ಕ್ರಮವಿದ್ದರೆ ಅದೇ ಕ್ರಮ ಅಲ್ಲಿಯೂ ನಡೆಯಬೇಕು. ಸ್ನಾನಕ್ಕೆ ಅನುಕೂಲವಿಲ್ಲದಿದ್ದರೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೂ ಸಾಕು. ಹಾಡು ಮಾತ್ರ ಅದೇ ಇರಲಿ. ಧಾರವಾಡದ ಕಡೆಯವರು ಕಲಘಟಗಿಯ ಬಣ್ಣದ ತೊಟ್ಟಿಲನ್ನು ಹೊತ್ತು ಊರೂರು ಅಲೆಯಲಾಗದು, ಜೋಗುಳವನ್ನಾದರೋ ಯಾವ ಗಂಟಿನಲ್ಲಿಯೂ ಕಟ್ಟಬೇಕಿಲ್ಲ. ಮಗಳು ಮನೆಯಿಂದ ಒಗೆಯದ ಹಾಸುಬಟ್ಟೆಯೊಂದನ್ನು ತಂದಿದ್ದಳು. ಅದಕ್ಕೆ ಮನೆಯ ವಾಸನೆ ಇರುತ್ತದೆಂಬುದು ಅವಳ ಯುಕ್ತಿ. ಗಟ್ಟಿಯಾದ ತೆಳುಹಾಸಿಗೆಯ ಮೇಲೆ ಅದನ್ನು ಸುಕ್ಕಿಲ್ಲದಂತೆ ಬಿಗಿದು ಹಾಸಿದೆವು. ಮನೆಯೊಡತಿ ಪ್ರೀತಿಯಿಂದ ತಂದುಕೊಟ್ಟ ಅರಳೆಯ ದಿಂಬು, ಮೆತ್ತನೆಯ ರಜಾಯಿಗಳನ್ನು ಮಾತ್ರ ಪಕ್ಕಕ್ಕಿಟ್ಟೆವು. ಒಂದು ವರ್ಷ ತುಂಬದ ಕೂಸಿನ ಬಳಿ ದಿಂಬು, ಸಡಿಲ ಹೊದಿಕೆ, ಗೊಂಬೆ ಯಾವುದೂ ಬೇಡ, ಉಸಿರುಗಟ್ಟುವ ಅಪಾಯವಿದೆ. ಮೇಲೆ ಸೊಳ್ಳೆಪರದೆ, ಅಂಚನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿ. ಮುಚ್ಚಿದ ಕೋಣೆಯಲ್ಲಿ ಸೊಳ್ಳೆಬತ್ತಿಯ ಹೊಗೆ ಕೂಸಿಗೆ ಹಿತವಲ್ಲ.

ಇಲ್ಲಿ ಒಂದು ಮಾತು ಕಟುವಾಗಿಯೇ ಹೇಳಬೇಕಾಗಿದೆ. ಹಿಂದೆ ಮುಂಬಯಿಯ ಗಿರಣಿಗಳಲ್ಲಿ ದುಡಿಯುತ್ತಿದ್ದ ತಾಯಂದಿರು ಬೇರೆ ದಾರಿ ಕಾಣದೆ ಕೂಸುಗಳಿಗೆ ಅಫೀಮಿನ ಗುಳಿಗೆ ತಿನ್ನಿಸಿ ಕೆಲಸಕ್ಕೆ ಹೋಗುತ್ತಿದ್ದರು. ಅದನ್ನು ಓದಿ ಮರುಗುವ ನಾವೇ ಪ್ರಯಾಣಕ್ಕೆ ಮುಂಚೆ, “ಒಂದು ಚಮಚ ನೆಗಡಿಯ ಔಷಧಿ ಕೊಡಿ, ದಾರಿಯುದ್ದಕ್ಕೂ ಮಲಗುತ್ತದೆ” ಎಂದು ಒಬ್ಬರಿಗೊಬ್ಬರು ಸಲಹೆ ಕೊಡುತ್ತೇವೆ. ನೆಗಡಿಯಿಲ್ಲದ ಕೂಸಿಗೆ ಮಂಪರಿಗಾಗಿ ಆ ಔಷಧಿ ಕುಡಿಸುವುದು ಅದರ ಉಸಿರಿನೊಡನೆ ಆಡುವ ಆಟ. ಕೆಲವು ಮಕ್ಕಳಿಗೆ ಅದರಿಂದ ನಿದ್ದೆಯ ಬದಲು ವಿಪರೀತ ಚಡಪಡಿಕೆಯೂ ಆಗುತ್ತದೆ. ವೈದ್ಯರು ಹೇಳದೆ ಕೊಡಲೇಬಾರದು.

ಎರಡನೆಯ ದಿನ ತೋನ್ಸೆಪಾರಿಗೆ, ಅಂದರೆ ಸೇಂಟ್ ಮೇರೀಸ್ ದ್ವೀಪಕ್ಕೆ, ಹೋಗುವುದೆಂದಾಯಿತು. ಸುಮಾರು ೮.೮ ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಉಕ್ಕಿದ ಶಿಲಾರಸ ತಣ್ಣಗಾಗಿ ಕಂಬಕಂಬವಾಗಿ ನಿಂತ ಜಾಗವದು. ನಮ್ಮ ಮನೆಗಳಲ್ಲಿ ಇಂಥ ಸಂದರ್ಭದ ಪದ್ಧತಿ ನಿಮಗೂ ಗೊತ್ತು: ಎಲ್ಲರೂ ದೋಣಿ ಏರುತ್ತಾರೆ, ಕೂಸಿನ ತಾಯಿ ಕೋಣೆಯಲ್ಲಿ ಉಳಿಯುತ್ತಾಳೆ. “ನೀವೆಲ್ಲ ಹೋಗಿ ಬನ್ನಿ, ಇವಳು ಮಲಗುವ ಹೊತ್ತು” ಎಂದು ಮಗಳೂ ಹೇಳಿಯಾಗಿತ್ತು. ಕೂಸಿನ ನಿದ್ದೆಯ ಕಟ್ಟಳೆಯೆಲ್ಲ ಒಬ್ಬ ಹೆಂಗಸಿನ ಸೆರೆವಾಸವಾಗುವುದಾದರೆ ಅಂಥ ಪ್ರವಾಸವೇ ಬೇಡವೆಂದೆ. “ಹಾಲು ಕೊಟ್ಟು ಹೊರಡು, ನಿದ್ದೆ ಮಾಡಿಸುವುದು ನನಗೆ ಬಿಡು” ಎಂದು ಅವಳನ್ನೂ ಅಳಿಯನನ್ನೂ ಹುಡುಗನನ್ನೂ ದೋಣಿಗೆ ಕಳುಹಿಸಿದೆ. ಕೂಸು ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿ ಅತ್ತಿತು. ನಡೆದಾಡಿಸಿದೆ, ಕಾದು ಕುಳಿತೆ. ತೆಂಗಿನ ತೋಪಿನಾಚೆ ಸಮುದ್ರದ ಮೊರೆತ ಒಂದೇ ಸಮನೆ ಕೇಳುತ್ತಿತ್ತು. ಏರಿಳಿತವಿಲ್ಲದ ಇಂಥ ಸದ್ದು ನಿದ್ದೆಗೆ ಮಿತ್ರ, ಥಟ್ಟನೆ ಬಡಿಯುವ ಬಾಗಿಲು ಶತ್ರು. ಒಂದೂವರೆ ಗಂಟೆ ಮಲಗಿತು. ಮಧ್ಯಾಹ್ನ ದ್ವೀಪದಿಂದ ಮರಳಿದ ಮಗಳ ಸೆರಗಿನ ತುಂಬ ಕಪ್ಪೆಚಿಪ್ಪು. ಆ ದಿನ ನಾನು ನೋಡದೆ ಬಿಟ್ಟ ದ್ವೀಪವನ್ನು ಮರುದಿನ ಅಳಿಯನನ್ನು ಕೂಸಿನ ಕಾವಲಿಗಿಟ್ಟು ನೋಡಿ ಬಂದೆ.

ಮಕ್ಕಳು ಮೊಮ್ಮಕ್ಕಳು ಅಮೆರಿಕದಲ್ಲಿರುವ ಓದುಗರು ನಮ್ಮಲ್ಲಿ ಅನೇಕರಿದ್ದಾರೆ. ಅವರಿಗಾಗಿ ನಾಲ್ಕು ಮಾತು. ಕ್ಯಾಲಿಫೋರ್ನಿಯದಿಂದ ಬರುವ ಕೂಸಿಗೆ ನಮ್ಮ ಗಡಿಯಾರ ಹನ್ನೆರಡೂವರೆಯೋ ಹದಿಮೂರೂವರೆಯೋ ಗಂಟೆ ಮುಂದು. ಎಂದರೆ ಹಗಲು ರಾತ್ರಿಗಳೇ ಅದಲುಬದಲು. ಮೈಯೊಳಗಿನ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ಸರಿಯುತ್ತದೆ. ಬಂದ ಮರುದಿನವೇ ನಾಮಕರಣ, ಮುಡಿ, ನೆಂಟರ ಊಟಗಳನ್ನು ಇಟ್ಟುಕೊಳ್ಳುವುದು ಕ್ರೌರ್ಯ. ಬೆಳಗಿನ ಎಳೆಬಿಸಿಲಿನಲ್ಲಿ ಜಗಲಿಗೆ ತನ್ನಿ. ರಾತ್ರಿ ಎರಡು ಗಂಟೆಗೆ ಎದ್ದು ಹಸಿವೆಂದರೆ ಮಂದ ಬೆಳಕಿನಲ್ಲಿ ಉಣಿಸಿ, ಆದರೆ ಆಟಕ್ಕೆ ಇಳಿಸಬೇಡಿ. ಆ ಹೊತ್ತಿನಲ್ಲಿ ಎಚ್ಚರವಿರುವ ಸರದಿ ಅಜ್ಜ ಅಜ್ಜಿಯರದಾಗಲಿ.

ಮಲ್ಪೆಯ ನಾಲ್ಕು ರಾತ್ರಿಗಳಲ್ಲಿ ಕೂಸು ಮೊದಲನೆಯ ರಾತ್ರಿ ನಾಲ್ಕು ಬಾರಿ, ಎರಡನೆಯದರಲ್ಲಿ ಎರಡು ಬಾರಿ ಎದ್ದಿತು. ಉಳಿದೆರಡು ರಾತ್ರಿ ಒಂದೊಂದೇ ಸಲ. ಹುಡುಗನ ತೊಂದರೆ ಬೇರೆಯಾಗಿತ್ತು. ಅವನಿಗೆ ಹೊಸ ಕೋಣೆಯ ಕತ್ತಲೆಯ ಭಯ. ಹಗಲಿನಲ್ಲೇ ಅವನ ಕೈಯಿಂದ ಹಾಸಿಗೆ ಹಾಸಿಸಿ, ಬಚ್ಚಲು ಎಲ್ಲಿ, ಅಮ್ಮ ಮಲಗುವುದೆಲ್ಲಿ ಎಂದು ಸುತ್ತಾಡಿಸಿ ತೋರಿಸಿದ ಮೇಲೆ ತೆಪ್ಪಗಾದನು. ಬೆಂಗಳೂರಿಗೆ ಮರಳಿದ ರಾತ್ರಿ ಅವನು ತನ್ನ ಮಂಚದ ಮೇಲೆ ಎದ್ದು ಕುಳಿತು, “ಅಜ್ಜೀ, ಸಮುದ್ರ ಯಾಕೆ ನಿಂತುಹೋಯ್ತು?” ಎಂದು ಕೇಳಿದನು. ಮೂರು ದಿನ ಫ್ಯಾನನ್ನು ಜೋರಾಗಿ ತಿರುಗಿಸಿಟ್ಟೆವು.